ಕೋಲ್ಕತ್ತಾದ ಹಳೆಯ ಚೀನೀ ಕೇರಿ: ಭಾನುವಾರ ಬೆಳಿಗ್ಗೆ ಆರಕ್ಕೇ ಹೋಗಿ

ಕೋಲ್ಕತ್ತಾದಲ್ಲಿ ಚೀನೀಯರ ಕೇರಿ ಎರಡಿವೆ. ಲಾಲ್‌ಬಜಾರ್ ಪೊಲೀಸ್ ಕಚೇರಿಗೆ ಹತ್ತಿರದ ತಿರೆಟ್ಟಾ ಬಜಾರ್ ಹಳೆಯದು. ಊರಿನ ಪೂರ್ವದಲ್ಲಿರುವ ಟ್ಯಾಂಗ್ರಾ ಆಮೇಲಿನದು. ಹೆಚ್ಚಿನವರು ಟ್ಯಾಂಗ್ರಾದಲ್ಲಿ ರಾತ್ರಿ ಊಟ ಮುಗಿಸಿ ಚೈನಾಟೌನ್ ನೋಡಿ ಬಂದೆವು ಅನ್ನುತ್ತಾರೆ. ಊಟದ ಮಟ್ಟಿಗೆ ಅದು ಸರಿ. ಆದರೆ ಇನ್ನೂರು ವರ್ಷ ಹಿಂದೆ ಬಂದು ನೆಲೆ ನಿಂತವರ ಗುರುತು ಉಳಿದಿರುವುದು ತಿರೆಟ್ಟಾದ ಓಣಿಗಳಲ್ಲಿ.

ಹೆಸರು ಮಾತ್ರ ಚೀನೀ ಅಲ್ಲ. ವೆನಿಸ್ ಕಡೆಯಿಂದ ಬಂದು ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಂಪನಿ ಸರ್ಕಾರದ ರಸ್ತೆ, ಕಟ್ಟಡಗಳ ಮೇಲ್ವಿಚಾರಕನಾಗಿದ್ದ ಎಡ್ವರ್ಡ್ ತಿರೆಟ್ಟಾ ಇಲ್ಲೊಂದು ಮಾರುಕಟ್ಟೆ ನಡೆಸುತ್ತಿದ್ದ. ಅವನ ಹೆಸರೇ ಉಳಿಯಿತು.

ಈಗ ಹೊತ್ತಿನ ವಿಷಯ, ಎಲ್ಲರೂ ಎಡವುವುದು ಇಲ್ಲೇ. ಪೊದ್ದಾರ್ ಕೋರ್ಟ್ ಕಟ್ಟಡದ ಬಳಿ ಬೀದಿ ಬದಿಯಲ್ಲಿ ಚೀನೀ ನಾಷ್ಟಾ ಮಾರುತ್ತಾರೆ. ಭಾನುವಾರ ಅದು ಜೋರಾಗಿರುತ್ತದೆ. ಆರಕ್ಕೆ ಹಬೆ ಏಳುತ್ತಿರುತ್ತದೆ, ಎಂಟರ ಹೊತ್ತಿಗೆ ಒಳ್ಳೆಯದೆಲ್ಲ ಖಾಲಿ, ಆಮೇಲೆ ಆ ಜಾಗದಲ್ಲಿ ತರಕಾರಿ, ಮೀನಿನ ವ್ಯಾಪಾರ. ಸಮೀಪದ ಮೆಟ್ರೋ ನಿಲ್ದಾಣ ಸೆಂಟ್ರಲ್ ಅಂತ ನಕಾಶೆ ತೋರಿಸುತ್ತದೆ. ಆದರೆ ಭಾನುವಾರ ಮೊದಲ ಮೆಟ್ರೋ ಬರುವುದೇ ಒಂಬತ್ತರ ಸುಮಾರಿಗೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಟ್ಯಾಕ್ಸಿಯಲ್ಲೇ ಹೋಗಬೇಕು. ಚಾಲಕರಿಗೆ "ತಿರೆಟ್ಟಾ ಬಜಾರ್" ಅಂದರೆ ತಿಳಿಯದೆ ಹೋಗಬಹುದು, "ಲಾಲ್‌ಬಜಾರ್, ಪೊದ್ದಾರ್ ಕೋರ್ಟ್" ಅನ್ನಿ. ಹೌರಾ ನಿಲ್ದಾಣದಿಂದಲೂ ದೂರವಿಲ್ಲ, ಸೇತುವೆ ದಾಟಿದರೆ ಸ್ವಲ್ಪವೇ ದಾರಿ. ಕೋಲ್ಕತ್ತಾದಲ್ಲಿ ಸೂರ್ಯ ನಮಗಿಂತ ಬೇಗ ಹುಟ್ಟುತ್ತಾನೆ, ಬೇಸಿಗೆಯಲ್ಲಿ ಐದಕ್ಕೇ ಬೆಳಕು. ಹಾಗಾಗಿ ಬೆಳಗಿನ ಜಾವ ಕತ್ತಲಲ್ಲಿ ಅಲೆಯಬೇಕಲ್ಲಾ ಎಂಬ ಅಳುಕು ಬೇಡ.

ಅಲ್ಯೂಮಿನಿಯಂ ಹಬೆಪಾತ್ರೆಗಳಲ್ಲಿ ಇರುವುದು ಇಷ್ಟು: ಮಾಂಸ ತುಂಬಿದ ಬಿಳಿ ಹಬೆರೊಟ್ಟಿ (ಬಾವ್), ಮೇಲೆ ಬಾಯಿ ತೆರೆದಿರುವ ಸಣ್ಣ ಹಬೆಕಡುಬು (ಸ್ಯೂಮಾಯ್), ಮೋಮೋ, ಮೀನಿನ ಉಂಡೆಯ ಸಾರು, ಎಳ್ಳು ಮೆತ್ತಿ ಕರಿದ ಸಿಹಿ ಉಂಡೆ. ಹೆಚ್ಚಿನದರಲ್ಲಿ ಹಂದಿಮಾಂಸ. ತಿನ್ನದವರು ಮೊದಲೇ ಕೇಳಬೇಕು, ಏಕೆಂದರೆ ಕೋಳಿಯದ್ದೂ ಹಂದಿಯದ್ದೂ ನೋಡಲು ಒಂದೇ ಥರ. ಸಸ್ಯಾಹಾರಿಗಳು ಎಳ್ಳುಂಡೆಯನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳುವಂತಿಲ್ಲ, ಹಿಟ್ಟಿಗೋ ಹೂರಣಕ್ಕೋ ಹಂದಿಯ ಕೊಬ್ಬು ಸೇರಿಸುವ ಪದ್ಧತಿಯುಂಟು. ಕೇಳಿ ಖಚಿತವಾಗದಿದ್ದರೆ ಮಣ್ಣಿನ ಕುಡಿಕೆಯ ಚಹಾ, ಪಕ್ಕದ ಬಂಗಾಳಿ ಗಾಡಿಯ ಕಚೋರಿ ಸಾಕು. ದಾರದಲ್ಲಿ ಕಟ್ಟಿದ ಒಣ ಸಾಸೇಜ್ ಕಂಡರೆ ಮನೆಗೆ ಒಯ್ಯಬಹುದು, ಆದರೆ ಅದನ್ನು ಹಾಗೇ ತಿನ್ನುವಂತಿಲ್ಲ, ಬೇಯಿಸಲೇಬೇಕು. ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಗೋಬಿ ಮಂಚೂರಿ ಇಲ್ಲಿ ಹುಡುಕಬೇಡಿ. ನಮ್ಮ ಗಾಡಿಗಳ ಆ ಕೆಂಪು ತಿಂಡಿಯ ಮೂಲವೆನ್ನಲಾಗುವ ಚಿಕನ್ ಮಂಚೂರಿಯನ್ 1970ರ ದಶಕದಲ್ಲಿ ಹುಟ್ಟಿದ್ದು ಮುಂಬೈಯಲ್ಲಿ. ಮಾಡಿದವರು ನೆಲ್ಸನ್ ವಾಂಗ್, ಕೋಲ್ಕತ್ತಾದ ಚೀನೀ ಸಮುದಾಯದಲ್ಲಿ ಹುಟ್ಟಿದವರು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿಗೆ ಕೃತಕ ಬಣ್ಣ ಹಾಕಕೂಡದೆಂದು ಆದೇಶಿಸಿತಲ್ಲ, ತಿರೆಟ್ಟಾದ ಬೆಳಗಿನ ತಿಂಡಿಗೆ ಆ ಆದೇಶದ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಎಲ್ಲವೂ ಬಿಳಿ, ಕಂದು, ಹಬೆ.

ಏಳೂವರೆಗೆ ತಿಂಡಿ ಮುಗಿಸಿ ಹೊರಡಬೇಡಿ, ನಿಜವಾದ ಭೇಟಿ ಇನ್ನು ಮುಂದೆ. ಓಣಿಗಳಲ್ಲಿ "ಚರ್ಚ್" ಎಂಬ ಫಲಕ ಹೊತ್ತ ಕಟ್ಟಡಗಳಿವೆ. ಹೆಸರಿಗೆ ಮಾತ್ರ ಚರ್ಚ್, ಒಳಗಿರುವುದು ಗ್ವಾನ್ ಯಿನ್ ದೇವಿ, ಯುದ್ಧವೀರ ಗ್ವಾನ್ ದಿ. ಪ್ರಾರ್ಥನೆಯ ಮನೆಯನ್ನೆಲ್ಲ ಚರ್ಚ್ ಎಂದೇ ಕರೆಯುತ್ತಿದ್ದ ಇಂಗ್ಲಿಷರ ಕಾಲದ ರೂಢಿ ಹಾಗೇ ನಿಂತಿದೆ. ಇವು ಬರೀ ಗುಡಿಗಳೂ ಅಲ್ಲ, ಊರಿನವರ ಸಂಘಗಳು. ಮುಂಬೈಗೆ ದುಡಿಯಲು ಹೋದ ಕರಾವಳಿಯವರು ತಂತಮ್ಮ ಸಂಘ ಕಟ್ಟಿಕೊಂಡ ಹಾಗೆಯೇ, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಒಂದೊಂದು ಜಿಲ್ಲೆಯವರು ಒಂದೊಂದು ಕಟ್ಟಿದರು. ಛಾತಾವಾಲಾ ಗಲ್ಲಿಯ ಸೀ ಇಪ್ ಚರ್ಚಿನ ಹೆಸರಿನ ಅರ್ಥವೇ "ನಾಲ್ಕು ಜಿಲ್ಲೆ". ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಚೈನಾಟೌನ್‌ಗೆ ಹೋದವರಲ್ಲೂ ಬಹುಪಾಲು ಜನ ಇದೇ ನಾಲ್ಕು ಜಿಲ್ಲೆಯವರು. ಡ್ಯಾಮ್ಜೆನ್ ಲೇನಿನ ನಾಮ್ ಸೂನ್, ಬ್ಲ್ಯಾಕ್‌ಬರ್ನ್ ಲೇನಿನ ತೂಂಗ್ ಆನ್ ಕೂಡ ಹೀಗೆ ಎರಡೆರಡು ಊರಿನ ಹೆಸರು ಬೆಸೆದವು. ಫಲಕ ಓದಲು ಇಷ್ಟು ಗೊತ್ತಿದ್ದರೆ ಕೇರಿಯೇ ಬೇರೆ ಥರ ಕಾಣುತ್ತದೆ.

ಕಸುಬೂ ಊರಿನ ಪ್ರಕಾರವೇ ಹಂಚಿಕೆಯಾಗಿತ್ತು. ಕ್ಯಾಂಟನೀಸ್ ಮಾತಾಡುವವರು ಹಡಗುಕಟ್ಟೆಯ ಬಡಗಿಗಳು, ದಕ್ಷಿಣ ಚೀನಾದ್ದೇ ಇನ್ನೊಂದು ಭಾಷೆಯ ಸಮುದಾಯವಾದ ಹಕ್ಕಾಗಳು ಚರ್ಮ ಹದ ಮಾಡುವವರು, ಬೆಂಟಿಂಕ್ ಸ್ಟ್ರೀಟಿನಲ್ಲಿ ಚಪ್ಪಲಿ ಅಂಗಡಿ ಇಟ್ಟವರು, ಮಧ್ಯ ಚೀನಾದ ಹುಬೇ ಪ್ರಾಂತ್ಯದ ಕಡೆಯವರು ಹಲ್ಲಿನ ವೈದ್ಯರು.

ಬಾಗಿಲು ಹಾಕಿದ್ದರೆ ಕಾವಲುಗಾರರನ್ನು ಕೂಗಿ, ಅಲ್ಲೇ ಒಳಗೆ ಇರುತ್ತಾರೆ. ಚಪ್ಪಲಿ ಎಲ್ಲಿ ಬಿಡಬೇಕು, ಫೋಟೊ ತೆಗೆಯಬಹುದೇ ಎರಡನ್ನೂ ಅವರನ್ನೇ ಕೇಳಿ. ಸೀ ಇಪ್‌ನಲ್ಲಿ ದೇವರು ಮಹಡಿಯ ಮೇಲೆ, ಕೆಳಗಿನಿಂದಲೇ ನೋಡಿ ಹಿಂದಿರುಗಿದರೆ ನಷ್ಟ. ತಲೆಯೆತ್ತಿ ಮರದ ಕೆತ್ತನೆ ನೋಡಿ. ಬಿದಿರಿನ ಡಬ್ಬಿಯಲ್ಲಿ ಅಂಕಿ ಬರೆದ ಕಡ್ಡಿಗಳಿದ್ದರೆ ಅದು ಶಕುನ ಕೇಳುವ ಸಾಧನ. ಡಬ್ಬಿಯನ್ನು ಓರೆ ಹಿಡಿದು ಅಲ್ಲಾಡಿಸಿದಾಗ ಒಂದು ಕಡ್ಡಿ ಕೆಳಗೆ ಬೀಳಬೇಕು. ಎರಡು ಬಿದ್ದರೆ ಮೊದಲಿನಿಂದ. ನಂತರ ಅರ್ಧಚಂದ್ರದ ಎರಡು ಮರದ ತುಂಡು ಎಸೆಯುತ್ತಾರೆ, ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವರು ಒಪ್ಪಿದಂತೆ. ನಮ್ಮಲ್ಲಿ ಹೂಪ್ರಸಾದ ಕೇಳುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅವರಾಗಿ ಕೊಟ್ಟರೆ ಮಾತ್ರ ಮುಟ್ಟಿ.

ತೂಂಗ್ ಆನ್ ಕಟ್ಟಡದ ಕೆಳಗೆ ಒಂದು ಕಾಲಕ್ಕೆ ನಾನ್‌ಕಿಂಗ್ ಎಂಬ ಹೆಸರಾಂತ ಹೋಟೆಲಿತ್ತು. ಅದು ಮುಚ್ಚಿ ದಶಕಗಳೇ ಆದವು. ಕೇರಿ ಬರಿದಾಗಲು ದೊಡ್ಡ ಕಾರಣ 1962ರ ಯುದ್ಧ. ಚೀನೀ ಮೂಲವೆಂಬ ಒಂದೇ ಕಾರಣಕ್ಕೆ ಸುಮಾರು 3,000 ಜನರನ್ನು, ಅದರಲ್ಲೂ ಅಸ್ಸಾಮ್ ಮತ್ತು ಡಾರ್ಜಿಲಿಂಗ್ ಕಡೆಯವರನ್ನು, ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದರು. ಕೋಲ್ಕತ್ತಾದಲ್ಲಿ ಉಳಿದವರ ಮೇಲೂ ಪೊಲೀಸರ ಕಣ್ಣು, ನಿರ್ಬಂಧ. ಕೆನಡಾ, ಆಸ್ಟ್ರೇಲಿಯಾ ಕಡೆ ಹೊರಟವರು ಮರಳಲಿಲ್ಲ. ಇಲ್ಲಿನ ಹಿರಿಯರ ಜೊತೆ ಮಾತಿಗೆ ಕೂತಾಗ "ನೀವು ಯಾವ ದೇಶದವರು" ಎಂದು ದಯವಿಟ್ಟು ಕೇಳಬೇಡಿ. ಅವರು ಈ ಊರಿನವರು, ಬಂಗಾಳಿಯಲ್ಲಿ ಜಗಳವಾಡುವವರು.

ಸಂಜೆಗೆ ಟ್ಯಾಂಗ್ರಾ ಇಟ್ಟುಕೊಳ್ಳಿ. 1996ರಲ್ಲಿ ಸುಪ್ರೀಂ ಕೋರ್ಟ್ ಚರ್ಮದ ಕಾರ್ಖಾನೆಗಳನ್ನು ಊರಾಚೆ ಸಾಗಿಸಲು ಆದೇಶಿಸಿದ ಮೇಲೆ ಹಲವು ಮಾಲೀಕರು ಹೋಟೆಲಿನ ಕಡೆ ಹೊರಳಿದರು. ಅಲ್ಲಿನ ಮಾಥೇಶ್ವರತಲಾ ರಸ್ತೆಯ ಕಾಳಿ ಗುಡಿಯಲ್ಲಿ ನೂಡಲ್ಸ್ ನೈವೇದ್ಯವಾಗುತ್ತದೆ.

ಮತ್ತೊಂದು ದಿನವಿದ್ದರೆ ಅಚಿಪುರ. ಸಿಯಾಲ್ದಾದಿಂದ ಲೋಕಲ್ ರೈಲಿನಲ್ಲಿ ಬಜ್‌ಬಜ್, ಅಲ್ಲಿಂದ ಆಟೋ. 1778ರ ಸುಮಾರಿಗೆ ಬಂದು ಕಬ್ಬು ಬೆಳೆದು ಸಕ್ಕರೆ ಕಾರ್ಖಾನೆ ಹಾಕಿದ ಟಾಂಗ್ ಅಚಿವ್‌ನ ಕೆಂಪು ಬಣ್ಣದ, ಕುದುರೆಲಾಳದ ಆಕಾರದ ಸಮಾಧಿ ಹೂಗ್ಲಿ ನದಿಯ ದಡದಲ್ಲಿದೆ. ಊರಿಗೆ ಅವನದೇ ಹೆಸರು. ಚೀನೀ ಹೊಸವರ್ಷದ ನಂತರದ ಭಾನುವಾರಗಳಲ್ಲಿ ಕೋಲ್ಕತ್ತಾದ ಕುಟುಂಬಗಳು ಊದುಬತ್ತಿ, ಹಣ್ಣು ಹಿಡಿದು ಇಲ್ಲಿಗೆ ಬರುತ್ತವೆ. ಆ ಹೊಸವರ್ಷ ಹೆಚ್ಚಿನ ವರ್ಷಗಳಲ್ಲಿ ನಮ್ಮ ಪುಷ್ಯ ಮಾಸದ ಅಮಾವಾಸ್ಯೆಯ ಆಸುಪಾಸಿನಲ್ಲೇ ಬೀಳುತ್ತದೆ. ಉಳಿದ ದಿನಗಳಲ್ಲಿ ಅಲ್ಲಿ ಜನರಿರುವುದಿಲ್ಲ, ನೀರು ಜೊತೆಗೆ ಒಯ್ಯಿರಿ.