ಹಳೇ ಆರ್ಗನ್ ಫ್ರೀಯಾಗಿ ಸಿಗ್ತಿದೆ, ತಗೊಳ್ಳೋದಾ?

ಶಿಕಾಗೋ ಹತ್ರ ನಮ್ಮನೆ ಗ್ಯಾರೇಜಲ್ಲಿರೋ ಹ್ಯಾಮಂಡ್ ಎಂ-3 ಆರ್ಗನ್ ನೋಡಿದೋರೆಲ್ಲ, ಇಲ್ಲಿನ ಕನ್ನಡ ಕೂಟದ ಗೆಳೆಯರಿಂದ ಹಿಡಿದು ಅವರ ಪರಿಚಯದೋರ ತನಕ, ಕೇಳೋದು ಒಂದೇ ಪ್ರಶ್ನೆ. ಯಾರೋ ಹಳೇ ಎಲೆಕ್ಟ್ರಿಕ್ ಆರ್ಗನ್ ಸುಮ್ನೆ ಕೊಡ್ತಿದಾರೆ, ಆನ್ ಆಗಲ್ವಂತೆ, ತಂದು ಮನೇಲೇ ರಿಪೇರಿ ಮಾಡ್ಕೋಬೋದಾ? ಮಾಡ್ಕೋಬೋದು. ಆದ್ರೆ ಮೊದಲನೇ ಸಲ ಮಾಡೋರು ಟೋನ್‌ವೀಲ್, ಅಂದ್ರೆ ತಿರುಗಿ ಸ್ವರ ಹುಟ್ಟಿಸೋ ಉಕ್ಕಿನ ಚಕ್ರಗಳು, ಇರೋ ಹ್ಯಾಮಂಡ್‌ಗೇ ಕೈ ಹಾಕಿ, ಮತ್ತೆ ಸೋಲ್ಡರಿಂಗ್ ಐರನ್ ಬಿಸಿ ಮಾಡೋಕೆ ಮುಂಚೆ ಎಣ್ಣೆ ಹಾಕಿ ಕಾಯಿರಿ, ಇಷ್ಟೇ ನನ್ನ ಉತ್ತರ. ಇದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಫ್ರೀ ಯಾಕೆ ಅಂದ್ರೆ ತೂಕ. 1950-60ರ ದಶಕದಲ್ಲಿ ಅಮೆರಿಕದ ಎಷ್ಟೋ ಮನೆ ಹಾಲ್‌ಗಳಲ್ಲಿ ಒಂದು ಆರ್ಗನ್ ಇರೋದು, ಈಗ ಆ ಮನೆ ಖಾಲಿ ಮಾಡೋ ಮಕ್ಕಳಿಗೆ ನೂರು ಕಿಲೋ ದಾಟೋ ಈ ಪೆಟ್ಟಿಗೆ ಇಡೋಕೆ ಜಾಗ ಇಲ್ಲ, ಹೊರೋಕೆ ಜನ ಇಲ್ಲ. ಕೆಟ್ಟಿದೆ ಅನ್ನೋ ಕಾರಣಕ್ಕೇ ಕೊಡ್ತಿದಾರೆ ಅಂತ ಅಂದ್ಕೋಬೇಡಿ.

ಟೋನ್‌ವೀಲೇ ಯಾಕೆ? ಲಾರೆನ್ಸ್ ಹ್ಯಾಮಂಡ್ ಈ ಆರ್ಗನ್‌ನ 1935ರಲ್ಲಿ ಇದೇ ಶಿಕಾಗೋದಿಂದ ಮಾರ್ಕೆಟ್‌ಗೆ ತಂದಾಗ ಅವರ ಕಂಪನಿ ಅದಾಗ್ಲೇ ಗಡಿಯಾರ ಮಾಡ್ತಿತ್ತು, ಕರೆಂಟ್‌ನ ಹರ್ಟ್ಜ್‌ಗೆ (ಸೆಕೆಂಡಿಗೆ ಎಷ್ಟು ಆವರ್ತನ ಅನ್ನೋದಕ್ಕೆ) ಸರಿಯಾಗಿ ತಿರುಗೋ ಸಿಂಕ್ರೊನಸ್ ಮೋಟಾರಿನ ಗಡಿಯಾರ. ಆ ಮೋಟಾರನ್ನೇ ಆರ್ಗನ್ ಒಳಗೆ ಇಟ್ಟು, ಗೇರ್‌ಗಳ ಮೂಲಕ ಎಂಬತ್ತಕ್ಕೂ ಹೆಚ್ಚು ಸಣ್ಣ ಉಕ್ಕಿನ ಚಕ್ರಗಳನ್ನ ತಿರುಗಿಸೋ ಹಾಗೆ ಮಾಡಿದ್ರು. ಚಕ್ರದ ಅಂಚಲ್ಲಿ ಉಬ್ಬುಗಳಿರ್ತವೆ, 2, 4, 8, 16 ಹೀಗೆ ದುಪ್ಪಟ್ಟಾಗ್ತಾ ಹೋಗತ್ತೆ, ಪ್ರತಿ ದುಪ್ಪಟ್ಟಿಗೆ ಒಂದು ಸ್ಥಾಯಿ ಮೇಲೆ. ಪಕ್ಕದಲ್ಲಿ ಸುರುಳಿ ತಂತಿ ಸುತ್ತಿದ ಮ್ಯಾಗ್ನೆಟ್, ಉಬ್ಬು ಹಾದುಹೋದ ಹಾಗೆಲ್ಲ ಅದರಲ್ಲಿ ಸಣ್ಣ ಕರೆಂಟ್ ಹುಟ್ಟತ್ತೆ, ಅದೇ ಸ್ವರ. ಹನ್ನೆರಡು ಸ್ವರಕ್ಕೆ ಹನ್ನೆರಡು ಗೇರ್ ಅನುಪಾತ ಅಷ್ಟೇ, ಹಾಗಾಗಿ ಶ್ರುತಿ ಮಾಡೋ ಕೆಲಸವೇ ಇಲ್ಲ, ಅರವತ್ತು ವರ್ಷ ಆದ್ರೂ ಶ್ರುತಿ ತಪ್ಪಲ್ಲ. ನನಗಂತೂ ಇದಕ್ಕಿಂತ ಸುಂದರವಾದ ಎಂಜಿನಿಯರಿಂಗ್ ಬೇರೆ ಯಾವ ವಾದ್ಯದಲ್ಲೂ ಕಂಡಿಲ್ಲ. 70ರ ದಶಕದ ಆಮೇಲಿನ ಟ್ರಾನ್ಸಿಸ್ಟರ್, ಚಿಪ್ ಆರ್ಗನ್‌ಗಳೂ ಫ್ರೀಯಾಗಿ ಸಿಗ್ತವೆ, ಆದ್ರೆ ಅದರಲ್ಲಿ ಒಂದು ವಿಶೇಷ ಚಿಪ್ ಹೋದ್ರೆ ಅದೇ ಚಿಪ್ ಹುಡುಕ್ಕೊಂಡು ಅಲೀಬೇಕು. ಇಲ್ಲಿ ಚಕ್ರ, ಗೇರ್, ತಂತಿ ಎಲ್ಲ ಕಣ್ಣಿಗೆ ಕಾಣತ್ತೆ.

ನೋಡೋಕೆ ಹೋದಾಗ ಮೊದಲು ಸ್ವಿಚ್ ಗಮನಿಸಿ. ಎಂ-3ಯಲ್ಲಿ ಎರಡು ಸ್ವಿಚ್ ಇದೆ, ಸ್ಟಾರ್ಟ್ ಒಂದು, ರನ್ ಒಂದು. ಸ್ಟಾರ್ಟನ್ನ ಸುಮಾರು ಎಂಟು ಸೆಕೆಂಡ್ ಹಿಡಿದಿರಬೇಕು, ಅದನ್ನ ಬಿಡದೇನೇ ರನ್ ಹಾಕಿ ಇನ್ನೊಂದು ನಾಲ್ಕು ಸೆಕೆಂಡ್ ಆದ್ಮೇಲೆ ಸ್ಟಾರ್ಟ್ ಬಿಡಬೇಕು. ಸಿಂಕ್ರೊನಸ್ ಮೋಟಾರ್ ತಾನಾಗೇ ಶುರುವಾಗಲ್ಲ, ಇನ್ನೊಂದು ಸಣ್ಣ ಮೋಟಾರ್ ಅದನ್ನ ವೇಗಕ್ಕೆ ತರಬೇಕು, ಅದಕ್ಕೇ ಈ ವ್ಯವಸ್ಥೆ. ಅಜ್ಜಿ ತೀರ್ಕೊಂಡ್ಮೇಲೆ ಮನೇಲಿ ಯಾರಿಗೂ ಇದು ಗೊತ್ತಿರಲ್ಲ, ಬರೀ ರನ್ ಒತ್ತಿ ಸತ್ತೋಗಿದೆ ಅಂತ ಬರೆದು ಹಾಕಿರ್ತಾರೆ.

ಸರಿಯಾಗಿ ಒತ್ತಿದ್ರೂ ಚಕ್ರ ತಿರುಗಲಿಲ್ಲ ಅಂದ್ರೂ ಹೆದರಬೇಡಿ, ಬಹಳ ಸಲ ಅದು ಬರೀ ಒಣಗಿರತ್ತೆ. ಜನರೇಟರ್, ಅಂದ್ರೆ ಈ ಚಕ್ರಗಳೆಲ್ಲ ಇರೋ ಪೆಟ್ಟಿಗೆ, ಅದರ ಮೇಲೆ ಎಣ್ಣೆ ಹಾಕೋ ಸಣ್ಣ ಬಟ್ಟಲುಗಳಿವೆ, ಅಲ್ಲಿಂದ ಹತ್ತಿ ದಾರಗಳು ಒಂದೊಂದು ಬೇರಿಂಗ್‌ಗೂ ಹೋಗ್ತವೆ, ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ಎಳ್ಕೊಂಡು ತಲುಪಿಸ್ತವೆ. ವರ್ಷಕ್ಕೊಂದ್ಸಲ ಹಾಕಬೇಕಾದ ಎಣ್ಣೆ ಇಪ್ಪತ್ತು ಮೂವತ್ತು ವರ್ಷದಿಂದ ಹಾಕಿರಲ್ಲ, ಇದ್ದಿದ್ದು ಅಂಟಾಗಿ ಹಿಡ್ಕೊಂಡಿರತ್ತೆ. ಹ್ಯಾಮಂಡ್‌ಗೇ ಅಂತ ತೆಳು ಎಣ್ಣೆ ಮಾರ್ತಾರೆ, ಅದನ್ನೇ ತಗೊಳ್ಳಿ, ಬಾಗಿಲು ಕೀಲಿಗೆ ಹೊಡೆಯೋ ಸ್ಪ್ರೇ ಅಡುಗೆಮನೆ ಎಣ್ಣೆ ಯಾವ್ದೂ ಬೇಡ, ದಾರವೇ ಹಾಳಾಗತ್ತೆ. ಮೋಟಾರಿಗೂ, ದನಿ ಅಲುಗಾಡಿಸೋ ವೈಬ್ರಾಟೋ ಸ್ಕ್ಯಾನರ್‌ಗೂ ಬೇರೆ ಜಾಗ ಇದೆ, ಅಲ್ಲೂ ಹಾಕಿ. ಆಮೇಲೆ ಬಿಟ್ಟುಬಿಡಿ. ದಾರ ಅಷ್ಟು ದೂರ ಎಣ್ಣೆ ಎಳೆಯೋಕೆ ದಿನಗಳು ಬೇಕು, ಗಟ್ಟಿಯಾಗಿ ಹಿಡಿದಿದ್ರೆ ವಾರಗಳೇ ಬೇಕಾಗ್ಬೋದು, ಪ್ಲಗ್ ತೆಗೆದಿಟ್ಟು ಮಧ್ಯ ಮಧ್ಯ ಶಾಫ್ಟ್‌ನ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡ್ತಿರಿ, ಜೋರು ಮಾಡಬೇಡಿ. ಈ ಕಾಯೋ ಕೆಲಸ ನಮ್ಮ ಹುಡುಗರಿಗೆ ಕಷ್ಟ, ಶನಿವಾರ ತಂದು ಭಾನುವಾರ ನುಡಿಸಬೇಕು ಅಂತಾರೆ. ಆದ್ರೆ ನಿಜವಾದ ರಿಪೇರಿ ಇದೇ.

ಈಗ ಕರೆಂಟ್ ವಿಷಯ, ಇದನ್ನ ದಯವಿಟ್ಟು ಎರಡು ಸಲ ಓದಿ. ಇದು ವಾಲ್ವ್ ಆಂಪ್ಲಿಫೈಯರ್, ಒಳಗೆ 300 ವೋಲ್ಟ್ ಆಸುಪಾಸು ಡಿಸಿ ಓಡತ್ತೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಕೂತಿರತ್ತೆ. ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ ಮೀಟರ್ ಇಟ್ಟು ಸೊನ್ನೆ ಅಂತ ನೋಡದೇ ಕೈ ಹಾಕಲೇಬೇಡಿ. ಅದು ಬರದೇ ಇದ್ರೆ ಬರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಲೀರಿ, ಇದರಲ್ಲಿ ಸಂಕೋಚ ಬೇಡ. ಹಳೇ ಎರಡು ಪಿನ್ ವೈರ್ ಬಿರುಕು ಬಿಟ್ಟಿರತ್ತೆ, ಅದನ್ನ ತೆಗೆಸಿ ಅರ್ಥಿಂಗ್ ಇರೋ ಮೂರು ಪಿನ್ನಿನದು ಹಾಕಿಸಿ.

ಜೋರಾಗಿ ಗುಂಯ್ ಅಂತ ಹಮ್ ಬರ್ತಿದ್ರೆ ಸಾಮಾನ್ಯವಾಗಿ ಪವರ್ ಸಪ್ಲೈ ಕಂಡೆನ್ಸರ್ ಹೋಗಿರತ್ತೆ, ಅದನ್ನ ಬದಲಾಯಿಸಲೇಬೇಕು. ಕೆಲವು ಕೀ ಒತ್ತಿದ್ರೆ ಚರಚರ ಅಂದ್ರೆ ಅಥವಾ ದನಿ ಅರ್ಧಂಬರ್ಧ ಬಂದ್ರೆ ಕಾಂಟ್ಯಾಕ್ಟ್‌ನಲ್ಲಿ ಧೂಳು, ಸ್ಪ್ರೇ ಹೊಡೆಯದೇ ಆ ಕೀನ ಪಟಪಟ ಅಂತ ತುಂಬಾ ಸಲ ಒತ್ತಿ, ಡ್ರಾಬಾರ್‌ಗಳನ್ನ (ದನಿಯ ಬಣ್ಣ ಬದಲಾಯಿಸೋಕೆ ಎಳೆಯೋ ಪಟ್ಟಿಗಳನ್ನ) ಹಿಂದೆ ಮುಂದೆ ಎಳೀರಿ, ಹೆಚ್ಚಿನವು ಅದರಲ್ಲೇ ಸರಿಹೋಗತ್ತೆ.

ಒಂದು ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಎಂ-3 ತಯಾರಾಗಿದ್ದು 1955ರಿಂದ 1964ರ ತನಕ, ಆ ಕಾಲದ ಜನರೇಟರ್‌ಗಳಲ್ಲಿ ಮೇಣದ ಕಂಡೆನ್ಸರ್‌ಗಳಿವೆ, ವಯಸ್ಸಾದ ಹಾಗೆ ಅವುಗಳ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡೋ ಪ್ರಮಾಣ) ಬದಲಾಗಿ ಮೇಲಿನ ಸ್ವರಗಳು ಮಂಕಾಗ್ತವೆ. ಎಲ್ಲಾ ಕಿತ್ತು ಹೊಸದು ಹಾಕಿ ಅಂತ ತುಂಬಾ ಜನ ಹೇಳ್ತಾರೆ. ಹಾಕಿದ್ರೆ ದನಿ ಚೂಪಾಗತ್ತೆ ನಿಜ, ಆದ್ರೆ ನಾನು ಬಿಟ್ಟಿದೀನಿ, ನೀವೂ ಒಂದು ವರ್ಷ ನುಡಿಸಿ ನೋಡಿ ಆಮೇಲೆ ಯೋಚನೆ ಮಾಡಿ. ಆ ಮಂಕಲ್ಲೇ ಒಂದು ಬೆಚ್ಚಗಿನ ಗುಣ ಇದೆ, ಒಂದ್ಸಲ ಕಿತ್ತು ಎಸೆದ್ರೆ ವಾಪಸ್ ಬರಲ್ಲ.

ಇನ್ನು ಇದೇ ಪ್ರಶ್ನೆಯ ಬಾಲ: ಊರಿಗೆ ವಾಪಸ್ ಹೋಗ್ವಾಗ ತಗೊಂಡು ಹೋಗಬೋದಾ, ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಆಗಲ್ವಾ? ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸತ್ತೆ, ಹರ್ಟ್ಜ್ ಬದಲಾಯಿಸಲ್ಲ. ಇಲ್ಲಿ 60 ಹರ್ಟ್ಜ್, ನಮ್ಮೂರಲ್ಲಿ 50. ಮೋಟಾರ್ ಆರರಲ್ಲಿ ಐದು ಭಾಗ ವೇಗಕ್ಕೆ ಇಳಿಯತ್ತೆ, ಇಡೀ ಆರ್ಗನ್ ಮೂರು ಸ್ವರಸ್ಥಾನ ಕೆಳಗೆ ಬರತ್ತೆ, ಅಂದ್ರೆ ಷಡ್ಜ ಒತ್ತಿದ್ರೆ ಮಂದ್ರದ ಚತುಶ್ರುತಿ ಧೈವತ ಕೇಳತ್ತೆ. ಒಬ್ಬರೇ ನುಡಿಸ್ಕೊಂಡ್ರೆ ನಡೆಯತ್ತೆ, ಬೇರೆ ವಾದ್ಯದ ಜೊತೆ ಕೂರೋಕೆ ಆಗಲ್ಲ. ಮೋಟಾರಿಗೆ ಮಾತ್ರ ಬೇರೆಯಾಗಿ 60 ಹರ್ಟ್ಜ್ ಕೊಡೋ ಒಳ್ಳೇ ಸೈನ್ ವೇವ್ ಇನ್ವರ್ಟರ್ ಇಟ್ಟು ಸರಿಮಾಡೋರಿದಾರೆ, ಅದರ ಖರ್ಚು ಹಡಗಿನ ಬಾಡಿಗೆ ಎರಡೂ ಸೇರಿಸಿ ಲೆಕ್ಕ ಹಾಕಿ. ಹ್ಯಾಮಂಡ್‌ನೋರು 50 ಹರ್ಟ್ಜ್‌ಗೇ ಅಂತ ಮಾಡಿ ಇಂಗ್ಲೆಂಡ್ ಕಡೆ ಮಾರಿದ ಆರ್ಗನ್‌ಗಳೂ ಇವೆ, ಆ ಕಡೆ ನೆಂಟರಿದ್ರೆ ಇಲ್ಲಿಂದ ಹೊತ್ಕೊಂಡು ಹೋಗೋ ಬದಲು ಮೊದಲು ಅವರಿಗೆ ಒಂದು ಫೋನ್ ಮಾಡಿ.