‘ಅರ್ಥ ಆಯ್ತಾ?’ ‘ಆಯ್ತು ಮಿಸ್!’

ವಿಷಯ ಪರಿವೀಕ್ಷಕರು ಬರ್ತಾರಂತೆ ಎಂದು ಸುದ್ದಿ ಬಂದರೆ ಸಾಕು, ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಸಲಹೆ: ‘ಸ್ಮಾರ್ಟ್ ಕ್ಲಾಸ್ ಇಟ್ಕೊಂಡ್ಬಿಡಿ ಮೇಡಂ, ಸೇಫ್.’ ಯಾಕೆ ಸೇಫ್ ಎಂದರೆ, ವಿಡಿಯೊ ಓಡುತ್ತಿರುವಷ್ಟು ಹೊತ್ತು ಟೀಚರ್ ಬಾಯಿ ತೆರೆಯಬೇಕಿಲ್ಲ, ಮಕ್ಕಳು ಗಲಾಟೆ ಮಾಡುವುದಿಲ್ಲ, ಕಿಟಕಿ ಮುಚ್ಚಿದ ಕತ್ತಲಲ್ಲಿ ಗೋಡೆಯ ಸುಣ್ಣ ಉದುರಿರುವುದೂ ಕಾಣುವುದಿಲ್ಲ. ನಾನೂ ಹಾಗೇ ಮಾಡಿದೆ. ಹತ್ತನೇ ಕ್ಲಾಸು, ವಿದ್ಯುಚ್ಛಕ್ತಿ ಪಾಠ, ಸರಣಿ ಜೋಡಣೆ, ಅಂದರೆ ಬಲ್ಬುಗಳನ್ನು ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಜೋಡಿಸುವುದು. ಪಾಠಯೋಜನೆಯ ಕಲಿಕೋಪಕರಣದ ಕಾಲಮ್ಮಿನಲ್ಲಿ ‘ವಿಡಿಯೊ’ ಎಂದು ದಪ್ಪಕ್ಷರದಲ್ಲಿ ಬರೆದೂ ಇಟ್ಟೆ.

ವಿಡಿಯೊ ನಿಜಕ್ಕೂ ಚೆನ್ನಾಗಿತ್ತು, ಅದರ ಮೇಲೆ ನನ್ನ ತಕರಾರಿಲ್ಲ. ಹದಿನಾಲ್ಕು ನಿಮಿಷದ ಅನಿಮೇಶನ್, ಸ್ಪಷ್ಟ ಕನ್ನಡ. ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಸಾಲಾಗಿ ಹೋಗುತ್ತವೆ. ಮೊದಲನೇ ಬಲ್ಬಿನ ಮುಂಚೆ ಪ್ರವಾಹ ಅಳೆಯುವ ಒಂದು ಅಮ್ಮೀಟರ್, ಎರಡು ಬಲ್ಬುಗಳ ನಡುವೆ ಒಂದು, ಎರಡನೆಯದರ ಆಚೆ ಇನ್ನೊಂದು. ಮೂರರಲ್ಲೂ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಸರಣಿ ಮಂಡಲದಲ್ಲಿ ಎಲ್ಲ ಕಡೆಯೂ ವಿದ್ಯುತ್ಪ್ರವಾಹ ಒಂದೇ. ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವೇ ಇಲ್ಲ.

ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಕೊನೇ ಬೆಂಚಿನಲ್ಲಿ ಕೂತಿದ್ದ ಸಾರ್ ಕಡೆ ನಾನು ಆಗಾಗ ಓರೆಗಣ್ಣು ಹಾಯಿಸುತ್ತಿದ್ದೆ. ಪಿಸುಮಾತಿಲ್ಲ, ನೀರಿಗೆ ಹೋಗ್ತೀನಿ ಅನ್ನುವವರಿಲ್ಲ. ಇಷ್ಟು ಶಾಂತವಾದ ಕ್ಲಾಸು ಆ ಮಕ್ಕಳಿಂದ ಸಿಗುವುದೇ ಅಪರೂಪ. ಒಳಗೊಳಗೇ ಉಬ್ಬಿದೆ.

ಲೈಟ್ ಹಾಕಿ, ‘ಅರ್ಥ ಆಯ್ತಾ?’ ಅಂದೆ.

‘ಆಯ್ತು ಮಿಸ್!’ ಒಂದೇ ದನಿ.

ಸಾರ್ ಎದ್ದು ಬಂದರು. ನನ್ನ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡು ಬೋರ್ಡ್ ಮೇಲೆ ಒಂದು ಸೆಲ್, ಎರಡು ಬಲ್ಬು ಬರೆದರು. ‘ಎರಡೂ ಒಂದೇ ಥರದ ಬಲ್ಬು. ಒಂದು ಎ, ಇನ್ನೊಂದು ಬಿ. ಯಾವುದು ಜಾಸ್ತಿ ಉರಿಯುತ್ತಪ್ಪಾ?’

ಇದೇನು ಮಹಾ ಪ್ರಶ್ನೆ, ಪ್ರವಾಹ ಒಂದೇ ಆದ ಮೇಲೆ ಎರಡೂ ಸಮನಾಗಿಯೇ ಉರಿಯುತ್ತವೆ ಎಂದುಕೊಂಡೆ. ಮುಂದಿನ ಬೆಂಚಿನ ಹುಡುಗ ಎದ್ದು, ‘ಎ ಸಾರ್’ ಅಂದ. ಇವನೊಬ್ಬ ಯಾವಾಗಲೂ ಆತುರಗಾರ, ಇರಲಿ. ಪಕ್ಕದವನನ್ನು ಎಬ್ಬಿಸಿದರು. ‘ಎ ಸಾರ್.’ ಯಾಕೆ? ‘ಕರೆಂಟು ಮೊದಲು ಅದಕ್ಕೆ ಹೋಗುತ್ತಲ್ಲ ಸಾರ್, ಅದು ಖರ್ಚು ಮಾಡಿ ಉಳಿದಿದ್ದು ಬಿಗೆ.’ ಎ ಅನ್ನುವವರೆಲ್ಲ ಕೈ ಎತ್ತಿ ಅಂದರು. ಹೊಲದಲ್ಲಿ ಜೋಳ ಎದ್ದ ಹಾಗೆ ಕೈಗಳು ಎದ್ದವು. ಕ್ಲಾಸಿಗೆ ಫಸ್ಟ್ ಬರುವ ಹುಡುಗಿಯದೂ ಇತ್ತು. ಅವಳ ಮುಖವನ್ನೇ ದಿಟ್ಟಿಸಿ ನೋಡಿದೆ, ಇಳಿಸಮ್ಮಾ ಕೈ ಅನ್ನುವ ಹಾಗೆ. ಅವಳು ಅದನ್ನು ಪ್ರೋತ್ಸಾಹ ಅಂತ ತಿಳಿದು ಇನ್ನಷ್ಟು ಮೇಲೆತ್ತಿದಳು.

ಸಾರ್ ಅವಳನ್ನೇ ಕೇಳಿದರು: ‘ಈಗ ವಿಡಿಯೊದಲ್ಲಿ ಏನು ತೋರಿಸಿದ್ರಮ್ಮಾ?’

‘ಅದನ್ನೇ ತೋರಿಸಿದ್ರು ಸಾರ್. ಮೊದಲನೇ ಅಮ್ಮೀಟರಲ್ಲಿ ಮುಳ್ಳು ಜಾಸ್ತಿ ಹೋಯ್ತು, ಆಮೇಲೆ ಕಮ್ಮಿ ಆಯ್ತು.’

ನಾನು ಪ್ರೊಜೆಕ್ಟರ್ ಕಡೆ ತಿರುಗಿ ನೋಡಿದೆ, ತಪ್ಪು ಅದರದೇ ಏನೋ ಅನ್ನುವ ಹಾಗೆ. ‘ಒಂದ್ನಿಮಿಷ ಸಾರ್, ಮತ್ತೆ ತೋರಿಸ್ತೀನಿ’ ಎಂದು ರಿಮೋಟ್ ಒತ್ತಿದೆ. ಆ ರಿಮೋಟಿನಲ್ಲಿ ಆನ್ ಆಗುವ ಬಟನ್ ಬಿಟ್ಟರೆ ಯಾವುದೂ ಕೆಲಸ ಮಾಡುವುದಿಲ್ಲ ಅನ್ನುವುದು ಆ ಕ್ಷಣಕ್ಕೆ ಮರೆತೇಹೋಗಿತ್ತು. ಲ್ಯಾಪ್‌ಟಾಪಿಗೆ ಓಡಿದೆ. ಟಚ್‌ಪ್ಯಾಡ್ ಮೇಲೆ ಬೆರಳೆಳೆದರೆ ವಿಡಿಯೊ ಮೊದಲಿಂದ ಶುರುವಾಗಿ, ಸಂಗೀತದ ಜೊತೆ ‘ಮಕ್ಕಳೇ, ನಮಸ್ಕಾರ’ ಅಂದಿತು. ಹಿಂದಿನ ಬೆಂಚಿನವರು ನಕ್ಕರು. ಬೆರಳು ಬೆವರಿ ಜಾರುತ್ತಿತ್ತು. ಮುಂದಕ್ಕೆ ಓಡಿಸಿದರೆ ಅಮ್ಮೀಟರ್ ದಾಟಿ ಹೋಯಿತು, ಹಿಂದಕ್ಕೆ ಎಳೆದರೆ ಮತ್ತೆ ನಮಸ್ಕಾರ. ‘ಬಿಡಿ ಮೇಡಂ, ಪರವಾಗಿಲ್ಲ’ ಅಂದರು ಸಾರ್. ಮೆತ್ತಗೇ ಅಂದರು. ಅದೇ ಹೆಚ್ಚು ಚುಚ್ಚಿತು.

ಸಂದರ್ಶನ ವಹಿಯಲ್ಲಿ ಅವರು ಬರೆದು ಹೋದದ್ದು: ‘ತಂತ್ರಜ್ಞಾನದ ಬಳಕೆ ತೃಪ್ತಿಕರವಾಗಿದೆ.’ ಎಚ್‌ಎಂ ಖುಷಿಯಾಗಿ ಟೀ ತರಿಸಿದರು.

ಪಿರಿಯಡ್ ಮುಗಿದ ಮೇಲೆ ಆ ಹುಡುಗಿಯ ನೋಟ್‌ಬುಕ್ ಇಸಿದುಕೊಂಡೆ. ವಿಡಿಯೊ ನೋಡುತ್ತಲೇ ಮಂಡಲದ ಚಿತ್ರ ಬರೆದುಕೊಂಡಿದ್ದಳು, ಸ್ಕೇಲ್ ಇಟ್ಟು, ಅಂದವಾಗಿ. ಸೆಲ್ಲಿನಿಂದ ಎ ಬಲ್ಬಿನ ತನಕ ದಪ್ಪ ಬಾಣ. ಎಯಿಂದ ಬಿಗೆ ಅದಕ್ಕಿಂತ ಸಣ್ಣದು. ಬಿ ದಾಟಿದ ಮೇಲೆ ಒಂದೇ ಗೆರೆ, ಕೂದಲೆಳೆಯಷ್ಟು. ಪರದೆಯಲ್ಲಿ ಮೂರು ಮುಳ್ಳೂ ಸಮವಾಗಿ ನಿಂತಿರುವಾಗ ಅವಳು ಕಂಡದ್ದು ಇದು. ಸುಳ್ಳು ಹೇಳಿರಲಿಲ್ಲ. ತಲೆಯಲ್ಲಿ ಮೊದಲೇ ಇದ್ದದ್ದು ಕಣ್ಣಿಗೂ ಕಂಡಿತ್ತು, ಅಷ್ಟೇ.

ಇದು ನಮ್ಮೂರಿನ ಮಕ್ಕಳ ಕಾಯಿಲೆ ಅಲ್ಲ ಎಂದು ಆಮೇಲೆ ಓದಿ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು. ಹಾರ್ವರ್ಡಿನಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಮೇಷ್ಟ್ರ ತಂಡ ಇದನ್ನೇ ಪರೀಕ್ಷಿಸಿದೆ. 2004ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ತರಗತಿಯಲ್ಲಿ ಪ್ರಯೋಗವನ್ನು ಸುಮ್ಮನೆ ನೋಡಿದವರು, ನೋಡದೇ ಇದ್ದವರಿಗಿಂತ ಅದನ್ನು ವಿವರಿಸುವುದರಲ್ಲಿ ಹೆಚ್ಚೇನೂ ಮುಂದಿರಲಿಲ್ಲ. ಏನಾಗಬಹುದು ಎಂದು ಮೊದಲೇ ಊಹೆ ಮಾಡಿ ಆಮೇಲೆ ನೋಡಿದವರು ಮುಂದಿದ್ದರು. 2013ರ ಇನ್ನೊಂದು ಅಧ್ಯಯನದಲ್ಲಿ, ವಿದ್ಯಾರ್ಥಿಗಳು ತಾವು ಕಂಡದ್ದಾಗಿ ಹೇಳಿದ ಪ್ರತಿ ಐದರಲ್ಲಿ ಸುಮಾರು ಒಂದು, ಅಲ್ಲಿ ನಿಜಕ್ಕೂ ನಡೆದದ್ದಕ್ಕೆ ತಾಳೆಯಾಗುತ್ತಿರಲಿಲ್ಲ. ಯೂಟ್ಯೂಬಿನ ವೆರಿಟಾಸಿಯಂ ಚಾನೆಲ್ಲಿನ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದ್ದೂ ಇಂಥದ್ದೇ ವಿಷಯದ ಮೇಲೆ. ನುಣುಪಾಗಿ ಎಲ್ಲ ಹೇಳಿಬಿಡುವ ವಿಡಿಯೊ ನೋಡಿದವರು ‘ತುಂಬಾ ಸ್ಪಷ್ಟವಾಗಿತ್ತು’ ಎನ್ನುತ್ತಾರೆ, ಆದರೆ ಹೊಸದಾಗಿ ಕಲಿತದ್ದು ಅಷ್ಟಕ್ಕಷ್ಟೆ. ತಪ್ಪು ತಿಳಿವಳಿಕೆಯನ್ನೇ ಮೊದಲು ಎದುರಿಗಿಟ್ಟು, ಅದರ ಜೊತೆ ವಾದ ಮಾಡುವ ವಿಡಿಯೊ ಗೊಂದಲ ಎನಿಸುತ್ತದೆ, ಆದರೆ ತಲೆಗೆ ಹತ್ತುವುದು ಅದೇ. ‘ಅರ್ಥ ಆಯ್ತು ಮಿಸ್’ ಅನ್ನುವ ಕೋರಸ್ ಕೇಳಿದರೆ ಈಗ ನನಗೆ ಅನುಮಾನ ಶುರುವಾಗುತ್ತದೆ.

ನಮ್ಮದೂ ಹಳೇ ಚಾಳಿ. 2020ರಲ್ಲಿ ಶಾಲೆ ಮುಚ್ಚಿ ಚಂದನ ವಾಹಿನಿಯಲ್ಲಿ ಪಾಠ ಬರುತ್ತಿದ್ದಾಗ ಮಕ್ಕಳಿಗೆ ಫೋನ್ ಮಾಡಿ ಕೇಳುತ್ತಿದ್ದದ್ದು ‘ನೋಡಿದ್ಯೇನೋ?’ ಅಂತ. ‘ನೋಡ್ದೆ ಮಿಸ್’ ಎಂದರೆ ಪಟ್ಟಿಯಲ್ಲಿ ಟಿಕ್ ಹಾಕುತ್ತಿದ್ದೆವು. ಟೀವಿಯನ್ನು ನಡುವೆ ನಿಲ್ಲಿಸಿ ಕೇಳಲು ಆಗುತ್ತಿರಲಿಲ್ಲ, ಒಪ್ಪೋಣ. ಈಗ ನಿಲ್ಲಿಸುವ ಬಟನ್ ಕೈಯಲ್ಲೇ ಇದ್ದರೂ ಒತ್ತುತ್ತಿರಲಿಲ್ಲವಲ್ಲ.

ಮಾರನೇ ದಿನ ಟಾರ್ಚಿನ ಬಲ್ಬು ಎರಡು, ಸೆಲ್ಲು, ತಂತಿ ತೆಗೆದುಕೊಂಡು ಕ್ಲಾಸಿಗೆ ಹೋದೆ. ಪರದೆಯನ್ನು ನಂಬದಿದ್ದರೆ ಕಣ್ಣೆದುರು ಉರಿಯುವುದನ್ನಾದರೂ ನಂಬಲಿ ಎಂಬ ಲೆಕ್ಕ. ಜೋಡಿಸಿದೆ. ಎ ಬಲ್ಬು ಝಗ್ ಎಂದು ಉರಿಯಿತು, ಬಿ ಬಲ್ಬಿನ ತಂತಿ ಕೆಂಪಗಾಯಿತು, ಅಷ್ಟೇ. ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು. ‘ನೋಡಿ ಮಿಸ್! ನಾವು ಹೇಳಿರ್ಲಿಲ್ವಾ!’ ಅಂಗಡಿಯವನು ಬೇರೆಬೇರೆ ರೇಟಿಂಗಿನ ಬಲ್ಬು ಕೊಟ್ಟಿದ್ದ, ನಾನು ನೋಡಿರಲಿಲ್ಲ. ರೋಧ, ಅಂದರೆ ಪ್ರವಾಹಕ್ಕೆ ಒಡ್ಡುವ ತಡೆ, ಹೆಚ್ಚಿದ್ದ ಬಲ್ಬು ಎ ಜಾಗದಲ್ಲಿ ಕೂತುಬಿಟ್ಟಿತ್ತು; ಸರಣಿಯಲ್ಲಿ ಜಾಸ್ತಿ ಉರಿಯುವುದು ಅಂಥದ್ದೇ.

ಪಾಠಯೋಜನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಮುಂದೇನು ಮಾಡಬೇಕೆಂದು ತೋಚದೆ ಸುಮ್ಮನೆ ನಿಂತಿದ್ದಾಗ ಕಿಟಕಿ ಪಕ್ಕದ ಹುಡುಗನೊಬ್ಬ, ಪಂಪ್‌ಸೆಟ್ ರಿಪೇರಿಯವನ ಮಗ, ‘ಮಿಸ್, ಬಲ್ಬ್ ಅದಲು ಬದಲು ಮಾಡಿ ನೋಡೋಣ’ ಅಂದ. ಮಾಡುವುದಕ್ಕೆ ಮುಂಚೆ ಎಲ್ಲರಿಗೂ ಹೇಳಿದೆ: ಏನಾಗುತ್ತೆ ಅಂತ ಪೆನ್ನಲ್ಲಿ ಬರೀರಿ, ಪೆನ್ಸಿಲ್ ಬೇಡ. ಕ್ಲಾಸು ಎರಡು ಪಾರ್ಟಿ ಆಯಿತು. ಜೋರು ಉರಿಯುವುದು ಎ ಜಾಗವೋ, ಆ ಬಲ್ಬೋ? ಬದಲಾಯಿಸಿದೆವು. ಬಲ್ಬಿನ ಜೊತೆಗೇ ಬೆಳಕೂ ಬಿ ಜಾಗಕ್ಕೆ ಹೋಯಿತು. ನೋಟ್‌ಬುಕ್ಕಿನಲ್ಲಿ ಅಂದವಾಗಿ ಬಾಣ ಬರೆದಿದ್ದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಂಗಾದ್ರೆ ಕರೆಂಟು ಖರ್ಚಾಗಲ್ವಾ ಮಿಸ್? ಮತ್ತೆ ಸೆಲ್ ಯಾಕೆ ಮುಗಿಯುತ್ತೆ?’ ಅಂದಳು. ಹದಿನಾಲ್ಕು ನಿಮಿಷದ ವಿಡಿಯೊ ನೋಡಿದಾಗ ಯಾರಿಗೂ ಹುಟ್ಟದ ಪ್ರಶ್ನೆ. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ ಎನ್ನುವಲ್ಲಿಗೆ ಬರಲು ಇನ್ನೊಂದು ಪಿರಿಯಡ್ ಹಿಡಿಯಿತು. ಸಿಲೆಬಸ್ ಹಿಂದೆ ಬಿತ್ತು, ಬಿದ್ದರೆ ಬೀಳಲಿ.

ಆ ಜೋಡಣೆಯನ್ನು ನನ್ನ ಫೋನಿನಲ್ಲಿ ಮಕ್ಕಳ ಕೈಯಿಂದಲೇ ಶೂಟ್ ಮಾಡಿಸಿದೆ. ಮೂರು ನಿಮಿಷವೂ ಇಲ್ಲ, ಕೈ ನಡುಗಿದೆ, ಹಿಂದುಗಡೆ ಬಿಸಿಯೂಟದ ತಟ್ಟೆಗಳ ಸದ್ದು. ಈಗ ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಅದನ್ನೇ ಹಾಕುವುದು. ಬಲ್ಬು ಬದಲಾಯಿಸಲು ಕೈ ಮುಂದೆ ಬರುವಲ್ಲಿಗೆ ನಿಲ್ಲಿಸುತ್ತೇನೆ. ಊಹೆ ಬರೆಯಬೇಕು, ಪಕ್ಕದವರನ್ನು ಒಪ್ಪಿಸಲು ನೋಡಬೇಕು, ಆಮೇಲಷ್ಟೇ ಉಳಿದದ್ದು. ‘ಹಾಕಿ ಮಿಸ್, ಹಾಕಿ ಮಿಸ್’ ಎಂದು ಗೋಗರೆದರೂ ಹಾಕುವುದಿಲ್ಲ. ನೀಲಿ ಚುಕ್ಕೆಯ ಅನಿಮೇಶನ್ನನ್ನೂ ಬಿಟ್ಟಿಲ್ಲ. ಅದು ಕೊನೆಗೆ ಬರುತ್ತದೆ, ಅಮ್ಮೀಟರ್ ಇರುವ ಒಂದೂವರೆ ನಿಮಿಷ ಮಾತ್ರ. ಅಷ್ಟು ಹೊತ್ತಿಗೆ ಏನನ್ನು ನೋಡಬೇಕು ಎಂದು ಮಕ್ಕಳಿಗೆ ಗೊತ್ತಿರುತ್ತದೆ.

ಆನ್‌ಲೈನ್ ಕೋರ್ಸುಗಳ ಬಗ್ಗೆ 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿರಲಿ, ಜನ ಒಂದು ಸಲಕ್ಕೆ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಸುಮಾರು 6 ನಿಮಿಷ ಎಂದು ಕಂಡಿತ್ತು. ಅವರಿಗೆ ವಿಡಿಯೊ ಮುಚ್ಚಿ ಎದ್ದು ಹೋಗುವ ಸ್ವಾತಂತ್ರ್ಯವಿದೆ. ನಮ್ಮ ಮಕ್ಕಳು ಕಣ್ಣು ತೆರೆದುಕೊಂಡೇ ಎದ್ದು ಹೋಗುತ್ತಾರೆ.

ಎಲ್ಲವೂ ಗೆದ್ದವು ಎಂದೇನಲ್ಲ. ವಿಡಿಯೊ ಓಡುತ್ತಿರುವಾಗಲೇ ತುಂಬಬೇಕಾದ ವರ್ಕ್‌ಶೀಟ್ ಕೊಟ್ಟು ನೋಡಿದೆ. ನಾನೇ ಜೆರಾಕ್ಸ್ ಮಾಡಿಸಿದ್ದು, ಸ್ವಂತ ದುಡ್ಡು. ಪರದೆ ಪಾಡಿಗೆ ಪರದೆ, ಹಾಳೆ ಪಾಡಿಗೆ ಹಾಳೆ. ತಲೆಗಳೆಲ್ಲ ಬಗ್ಗಿಯೇ ಇದ್ದವು. ಖಾಲಿ ಬಿಟ್ಟ ಜಾಗಕ್ಕೆ ಸರಿಯಾದ ಪದ ಕಿವಿಗೆ ಬೀಳುವುದನ್ನೇ ಕಾಯುತ್ತಿದ್ದರು, ಒಬ್ಬ ಬರೆದರೆ ಸಾಲಿಗೆ ಸಾಲೇ ಬರೆಯುತ್ತಿತ್ತು. ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟವರು ಮಕ್ಕಳ ಎದುರು ಮಾಡಿ ನೋಡಿದ್ದಾರೋ ಇಲ್ಲವೋ!

ಗೆದ್ದದ್ದು ಇನ್ನೊಂದು, ಅದೂ ಸ್ಪೀಕರ್ ಕೆಟ್ಟಿದ್ದರಿಂದ. ಹೃದಯದ ಇಮ್ಮಡಿ ಪರಿಚಲನೆಯ ವಿಡಿಯೊ, ಸದ್ದಿಲ್ಲ. ‘ಯಾರಾದ್ರೂ ಬಂದು ಕಾಮೆಂಟರಿ ಹೇಳ್ರೋ’ ಅಂದೆ. ಒಬ್ಬ ಬಂದು ಕಬಡ್ಡಿ ಮ್ಯಾಚಿನ ಧಾಟಿಯಲ್ಲಿ ಶುರು ಮಾಡಿದ: ‘ಅಶುದ್ಧ ರಕ್ತ ಎಡಗಡೆಯಿಂದ ಒಳಗೆ ಬರ್ತಾ ಇದೆ...’ ‘ಏಯ್, ಅದು ಬಲ ಹೃತ್ಕರ್ಣ ಕಣೋ!’ ‘ಪರದೇಲಿ ಎಡಗಡೆ ಕಾಣ್ತಿದೆಯಲ್ಲ!’ ‘ಅದು ನಿನ್ನ ಎಡ. ಹೃದಯದ ಬಲ!’ ಒಬ್ಬಳು ಎದ್ದು ಬಂದು ಪರದೆಗೆ ಬೆನ್ನು ಹಾಕಿ ನಿಂತು, ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಬಲ ಹೃತ್ಕುಕ್ಷಿಯಿಂದ ರಕ್ತ ಶ್ವಾಸಕೋಶಕ್ಕೋ ದೇಹಕ್ಕೋ ಎಂದು ಮತ್ತೆ ಜಗಳ. ಹಿಂದಕ್ಕೆ ಹಾಕಿ ಮಿಸ್, ಅಲ್ಲೇ ನಿಲ್ಲಿಸಿ ಮಿಸ್. ಪಕ್ಕದ ಕ್ಲಾಸಿನಿಂದ ಸಮಾಜ ವಿಜ್ಞಾನದ ಮೇಷ್ಟ್ರು ಬಂದು, ‘ಏನ್ ಮೇಡಂ, ಕ್ಲಾಸಲ್ಲಿ ನೀವಿಲ್ವೇನೋ ಅಂದ್ಕೊಂಡೆ’ ಅಂದರು. ಸ್ಪೀಕರ್ ರಿಪೇರಿಯಾಗಿ ಬಂದ ಮೇಲೂ ನಾನು ಅದನ್ನು ಪೂರ್ತಿ ಬಳಸುತ್ತಿಲ್ಲ. ಇಂಗ್ಲಿಷ್ ವಿಡಿಯೊಗಳಿಗೆ ಇದು ಇನ್ನೂ ಅನುಕೂಲ, ಭಾಷೆಯ ತೊಡಕೇ ಇಲ್ಲ.

ತೊಡಕು ಇರುವುದು ದಾಖಲೆಯಲ್ಲಿ. ತಿಂಗಳ ಕೊನೆಗೆ ಸ್ಮಾರ್ಟ್ ಕ್ಲಾಸ್ ಬಳಕೆಯ ವರದಿ ಕಳಿಸಬೇಕು: ದಿನಾಂಕ, ತರಗತಿ, ಪಾಠ, ವಿಡಿಯೊ ತೋರಿಸಿದ ನಿಮಿಷ. ಜೊತೆಗೆ ಗ್ರೂಪಿಗೆ ಫೋಟೊ. ಫೋಟೊದಲ್ಲಿ ಮಕ್ಕಳು ಪರದೆಯ ಕಡೆಗೇ ನೋಡುತ್ತಿರಬೇಕು, ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾದ ಮಾಡುತ್ತಿದ್ದರೆ ‘ಶಿಸ್ತು ಕಾಣ್ತಿಲ್ಲ’ ಎಂದು ಉತ್ತರ ಬರುತ್ತದೆ. ನಾನು ನಿಮಿಷದ ಕಾಲಮ್ಮಿನಲ್ಲಿ ‘3’ ಎಂದು ಬರೆದು ಕಳಿಸಿದ್ದಕ್ಕೆ ಎಚ್‌ಎಂ ಕರೆಸಿದರು. ಪಕ್ಕದ ಶಾಲೆಯವರು ಮೂವತ್ತೈದು, ನಲವತ್ತು ಅಂತ ಹಾಕಿದ್ದಾರಂತೆ, ನಮ್ಮದು ಪಟ್ಟಿಯಲ್ಲಿ ಕೊನೆಗೆ ಬಂದಿದೆಯಂತೆ. ಇಡೀ ಪಿರಿಯಡ್ ಆ ಮೂರು ನಿಮಿಷದ ಮೇಲೇ ನಡೆಯಿತು ಸಾರ್ ಎಂದೆ. ‘ಅದೆಲ್ಲ ನಂಗೊತ್ತು ಮೇಡಂ. ಕಾಲಮ್ಮಿಗೆ ಗೊತ್ತಾಗಬೇಕಲ್ಲ’ ಎಂದು ಅವರೇ ಪೆನ್ನು ತೆಗೆದು 3ರ ಪಕ್ಕ ಒಂದು ಸೊನ್ನೆ ಸೇರಿಸಿದರು.