ಖಾಲಿ ಹಳಿಗೆ ಓವರ್‌ಲೋಡ್

ಹಳಿಯ ಮೇಲೆ ಎಂಜಿನ್ ಇರಲಿಲ್ಲ, ಒಂದು ಬೋಗಿಯೂ ಇರಲಿಲ್ಲ. ಆದರೂ ಕರೆಂಟ್ ಕೊಟ್ಟ ತಕ್ಷಣ ಲ್ಯಾಪ್‌ಟಾಪಿನಲ್ಲಿ ಓವರ್‌ಲೋಡ್ ಅಂತ ಬರುತ್ತಿತ್ತು. ಟಪ್ ಅಂತ ಎಲ್ಲಾ ಆಫ್. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮತ್ತೆ ಆನ್ ಆಗಲು ನೋಡುತ್ತಿತ್ತು, ಮತ್ತೆ ಆಫ್. ಮೂರು ಭಾನುವಾರ ಇದೇ ಆಟ.

ನಮ್ಮ ಮನೆ ಮೈಸೂರಿನ ಯಾದವಗಿರಿಯಲ್ಲಿ. ಮಹಡಿಯ ರೂಮಿನಲ್ಲಿ ಆರಡಿಗೆ ಮೂರಡಿಯ ಎರಡು ಪ್ಲೈವುಡ್ ಹಲಗೆ ಸೇರಿಸಿ ಮಾಡೆಲ್ ರೈಲಿನ ಹಳಿ ಹಾಕಿದ್ದೇನೆ. ಒಂದು ಹಲಗೆ ಮೈಸೂರು, ಇನ್ನೊಂದು ನಂಜನಗೂಡು. ನಂಜನಗೂಡು ಅಂತ ಗೊತ್ತಾಗಲಿ ಅಂತ ರಟ್ಟಿನ ಗೋಪುರ ಒಂದಿದೆ, ಅಷ್ಟೇ ಹೋಲಿಕೆ. ಹಳಿ 16.5 ಮಿಲಿಮೀಟರ್ ಅಗಲದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ಇಂಗ್ಲೆಂಡಿನಲ್ಲಿದ್ದ ದೊಡ್ಡಪ್ಪನ ಮಗ ಹಾರ್ನ್‌ಬಿ ಕಂಪನಿಯ ಒಂದು ಮಾಡೆಲ್ ರೈಲು ಸೆಟ್ ತಂದುಕೊಟ್ಟಿದ್ದ. ಅದಕ್ಕೆ ಮುಂಚೆ ರೈಲು ಅಂದ್ರೆ ನನಗೆ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂ, ಅಲ್ಲಿನ ಮಕ್ಕಳ ರೈಲು. ಸೆಟ್ ಬಂದ ಮೇಲೆ ಮ್ಯೂಸಿಯಂ ಮರೆತೇಹೋಯಿತು. ಕಾಲೇಜು, ಕೆಲಸ ಅಂತ ಇಪ್ಪತ್ತು ವರ್ಷ ಹಲಗೆ ಗೋಡೆಗೆ ಒರಗಿಕೊಂಡೇ ಇತ್ತು. ಮಗಳು ನೋಡಿ ಕೇಳಿದಳು, ಇಳಿಸಿದೆ.

ಹಳೇ ವ್ಯವಸ್ಥೆ ಬಹಳ ಸುಲಭ. ಹಳಿಗೆ 12 ವೋಲ್ಟ್‌ವರೆಗೆ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಗುಬಟು ತಿರುಗಿಸಿದಷ್ಟೂ ಜೋರು, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ. ತೊಂದರೆ ಏನಂದ್ರೆ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ. ಮಗಳಿಗೆ ಒಂದು, ನನಗೆ ಒಂದು ಬೇಕಲ್ವಾ? ಅದಕ್ಕೇ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್.

ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ಕರೆಂಟ್ ಇರುತ್ತದೆ. ಪ್ಲಸ್ ಮೈನಸ್ ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತಲೇ ಇರುತ್ತದೆ. ಆ ಅದಲುಬದಲಿನಲ್ಲೇ ಮಾತು ಅಡಗಿರುವುದು. ಪ್ಲಸ್ ಒಂದು ಅರೆ, ಮೈನಸ್ ಇನ್ನೊಂದು ಅರೆ. ಒಂದೊಂದು ಅರೆಯೂ 58 ಮೈಕ್ರೋಸೆಕೆಂಡ್ ಇದ್ದರೆ ಅದು ಒಂದು ಅನ್ನೋ ಅಂಕಿ. 100 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೊನ್ನೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ಇದನ್ನು ಓದಿಕೊಂಡು, 'ಮೂರನೇ ನಂಬರ್ ಎಂಜಿನ್, ನಿಧಾನಕ್ಕೆ ಮುಂದೆ ಹೋಗು' ಅಂದರೆ ತನ್ನ ಮೋಟಾರಿಗೆ ಅಷ್ಟು ಮಾತ್ರ ಕರೆಂಟ್ ಬಿಡುತ್ತದೆ. ಅಂಗಡಿಯಿಂದ ಬಂದ ಹೊಸ ಡಿಕೋಡರ್ ನಂಬರ್ ಸಾಮಾನ್ಯವಾಗಿ 3.

ರೆಡಿಮೇಡ್ ಕಂಟ್ರೋಲರ್ ಬೆಲೆ ನೋಡಿ ಸುಮ್ಮನಾದೆ, ನಾನೇ ಮಾಡಿಕೊಂಡೆ. ಆರ್ಡುಯಿನೋ ಮೆಗಾ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಮೇಲೆ ಹಳಿಗೆ ಕರೆಂಟ್ ಬಿಡುವ ಒಂದು ಮೋಟಾರ್ ಶೀಲ್ಡ್, 15 ವೋಲ್ಟ್ ಅಡಾಪ್ಟರ್, ಪುಕ್ಕಟೆ ಸಿಗುವ ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಎಲ್ಲಾ ಸಿಕ್ಕಿತು. 1.5 ಆಂಪಿಯರ್ ದಾಟಿದರೆ ಕಟ್ ಆಗುವ ಹಾಗೆ ಇಟ್ಟುಕೊಂಡೆ. ನಮ್ಮಂಥ ಎರಡು ಎಂಜಿನ್ನಿಗೆ ಅದು ಧಾರಾಳ.

ಮೊದಲ ನಷ್ಟ ಎರಡನೇ ದಿನವೇ ಆಯಿತು. ಹಳೇ ಸ್ಟೀಮ್ ಎಂಜಿನ್ ಬಿಚ್ಚಿ ಡಿಕೋಡರ್ ಕೂರಿಸಿದೆ. ಕೆಂಪು, ಕಪ್ಪು ವೈರು ಹಳಿ ಕಡೆಗೆ. ಕಿತ್ತಳೆ, ಬೂದು ವೈರು ಮೋಟಾರಿಗೆ. ಸರಿಯಾಗೇ ಇತ್ತು. ಆನ್ ಮಾಡಿದೆ, ಸಣ್ಣ ಗೆರೆ ಹೊಗೆ, ಸುಟ್ಟ ಪ್ಲಾಸ್ಟಿಕ್ ವಾಸನೆ. ಆ ಕಾಲದ ಎಂಜಿನ್‌ಗಳಲ್ಲಿ ಮೋಟಾರಿಗೆ ಕರೆಂಟ್ ಮುಟ್ಟಿಸುವ ಒಂದು ಬ್ರಷ್ ನೇರವಾಗಿ ಚಾಸಿಗೇ, ಅಂದರೆ ಎಂಜಿನ್ನಿನ ಲೋಹದ ಚೌಕಟ್ಟಿಗೇ ತಾಗಿರುತ್ತದೆ, ಚಾಸಿ ಒಂದು ಬದಿಯ ಚಕ್ರಕ್ಕೆ. ಅಂದರೆ ಹಳಿಯ ಕರೆಂಟು ಡಿಕೋಡರಿನ ಬೆನ್ನಿಗೆ ಹಿಂದಿನಿಂದ ಹೊಡೆದಿತ್ತು. ಬ್ರಷ್‌ಗೊಂದು ಕಡ್ಡಿ, ಚಕ್ರಕ್ಕೊಂದು ಕಡ್ಡಿ ಇಟ್ಟು ಮಲ್ಟಿಮೀಟರಿನಲ್ಲಿ ನೋಡಿದ್ದರೆ ಕುಯ್ಯಿ ಅಂದಿರೋದು. ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ, ಎರಡೂವರೆ ಸಾವಿರ ಹೋಯಿತು. ಹೆಂಡತಿಗೆ ಎಂಟುನೂರು ಅಂತ ಹೇಳಿದ್ದೇನೆ. ಅವಳು ಇದನ್ನು ಓದುವುದಿಲ್ಲ ಅಂದುಕೊಂಡಿದ್ದೇನೆ.

ಆಮೇಲೆ ಡಿಕೋಡರ್ ಹಾಕಿಕೊಂಡೇ ಬಂದ ಒಂದು ಡೀಸೆಲ್ ಎಂಜಿನ್ ತರಿಸಿದೆ. ಮೈಸೂರು ಹಲಗೆಯ ಒಂದೇ ಒಂದು ಕಡೆ ಹಳೇ ವೈರಿಗೆ ಕರೆಂಟ್ ಜೋಡಿಸಿ, ಎಂಜಿನ್ ಇಟ್ಟು ಆನ್ ಮಾಡಿದೆ. ಮೊಬೈಲಿನಲ್ಲಿ ಇನ್ನೂ ಏನೂ ಒತ್ತಿರಲಿಲ್ಲ. ಎಂಜಿನ್ ಓಟ ಕಿತ್ತಿತು ನೋಡಿ! ಎರಡು ತಿರುವು ದಾಟಿತು, ಮೂರನೆಯದರಲ್ಲಿ ಹಳಿ ಬಿಟ್ಟು ಮಗಳ ಮಡಿಲಿಗೆ. ಅವಳಿಗೆ ಅದೇ ಖುಷಿ, ಇನ್ನೊಂದ್ಸಲ ಅಂದಳು.

ಕಾರಣ ಹುಡುಕಿದೆ. ಡಿಕೋಡರಿನಲ್ಲಿ 29ನೇ ಸಿವಿ ಅಂತ ಒಂದು ಸೆಟ್ಟಿಂಗ್ ಇದೆ, ಸಾಮಾನ್ಯವಾಗಿ 6 ಇರುತ್ತದೆ. ಆ ಆರರಲ್ಲಿ ನಾಲ್ಕು ಅಂದರೆ 'ಡಿಜಿಟಲ್ ಮಾತು ಅರ್ಥವಾಗದಿದ್ದರೆ ಹಳೇ ಡಿಸಿ ಹಳಿ ಅಂದುಕೊಂಡು ಓಡು' ಅಂತ. ಇದನ್ನು 2 ಮಾಡಬೇಕು. ಪ್ರೋಗ್ರಾಮಿಂಗಿಗೆ ಬೇರೆಯೇ ಒಂದಡಿ ಹಳಿ ಇಟ್ಟಿದ್ದೆ. ಅಲ್ಲಿ ಹೊಸ ನಂಬರ್ ಬರೆದರೆ ಎಂಜಿನ್ ಒಂಚೂರು ಮಿಸುಕುತ್ತದೆ. ಮೋಟಾರಿಗೆ ಕೆಲವೇ ಮಿಲಿಸೆಕೆಂಡ್ 60 ಮಿಲಿಆಂಪಿಯರ್ ಎಳೆದುಕೊಂಡು ಅದು ಹೇಳುವ 'ಹೂಂ' ಅದು. ಎಷ್ಟು ಚೆನ್ನಾಗಿ ಮಿಸುಕಿತು ಅಂದ್ರೆ, ಡಿಕೋಡರ್ ಸರಿ ಇದೆ ಅನ್ನೋದು ಅಲ್ಲೇ ಖಾತ್ರಿಯಾಯಿತು.

ಮತ್ತೆ ದೊಡ್ಡ ಹಳಿಗೆ ತಂದಿಟ್ಟೆ. ಈಗ ಓಡಿಹೋಗಲಿಲ್ಲ. ಏನೂ ಮಾಡಲೂ ಇಲ್ಲ. ಲೈಟು ಒಮ್ಮೊಮ್ಮೆ ಹತ್ತಿತು, ಹತ್ತು ಸಲ ಹೇಳಿದರೆ ಒಂದು ಸಲ ಕೇಳಿತು. ಅರ್ಥವಾಗದಿದ್ದರೆ ಓಡು ಅನ್ನೋದನ್ನು ತೆಗೆದಿದ್ದೆ, ಯಾಕೆ ಅರ್ಥವಾಗುತ್ತಿಲ್ಲ ಅಂತ ಕೇಳಿರಲಿಲ್ಲ.

ಡಿಸಿಸಿ ಬಗ್ಗೆ ಯಾರನ್ನು ಕೇಳಿದರೂ ಹೇಳುವ ಮಾತು ಒಂದೇ: ಕರೆಂಟ್ ಒಂದೇ ಕಡೆ ಕೊಡಬೇಡಿ, ನಾಲ್ಕಾರು ಕಡೆ ಕೊಡಿ. ನನ್ನ ಹಲಗೆಯಡಿ ಆಗಿನ ಕಾಲದ್ದೇ ನಾಲ್ಕು ಜೋಡಿ ವೈರು ಇಳಿಬಿದ್ದಿದ್ದವು. ನಾಲ್ಕನ್ನೂ ಸೇರಿಸಿದೆ. ಆಗ ಶುರುವಾಯಿತು ಓವರ್‌ಲೋಡ್.

ಶಾರ್ಟ್ ಸರ್ಕ್ಯೂಟ್ ಅಂತ ಹಳಿಯ ಮೇಲೆ ಮಲಗಿ ನೋಡಿದೆ. ಹಳಿ ಕವಲೊಡೆಯುವ ಪಾಯಿಂಟುಗಳನ್ನೆಲ್ಲ ಉಜ್ಜಿದೆ. ಮೀಟರ್ ಇಟ್ಟರೆ ಬೀಪ್ ಇಲ್ಲ. ಮೂರನೇ ಭಾನುವಾರ ಮಾವ ಬಂದರು. ಹೆಂಡತಿಯ ತಂದೆ, ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ಫಿಟ್ಟರ್ ಆಗಿದ್ದು ರಿಟೈರ್ ಆದವರು. ನನ್ನ ರೈಲನ್ನು ಇಲ್ಲಿವರೆಗೆ ರೈಲು ಅಂತ ಅವರು ಒಪ್ಪಿರಲಿಲ್ಲ. ಕಾಫಿ ಲೋಟ ಕೈಯಲ್ಲೇ ಹಿಡಿದು ಐದು ನಿಮಿಷ ನೋಡಿದರು.

"ಅಳಿಯಂದ್ರೇ, ಮೀಟರ್ ಕೊಡಿ ಇಲ್ಲಿ."

"ಬೀಪ್ ಬರ್ತಿಲ್ಲ ಮಾವ, ನೋಡಿದೀನಿ."

"ಬೀಪ್ ಬಿಡಿ. ನಂಬರ್ ನೋಡಿ."

ಮೀಟರನ್ನು 2000 ಕಿಲೋಓಮ್‌ಗೆ ತಿರುಗಿಸಿ ಎರಡು ಹಳಿಗೂ ಕಡ್ಡಿ ಇಟ್ಟರು. ನಂಬರ್ ಕೆಳಗಿನಿಂದ ಏರುತ್ತಾ ಏರುತ್ತಾ ಹೋಗಿ ಬರಿ 1 ತೋರಿಸಿತು, ಅಂದರೆ ಮೀಟರಿನ ಅಳತೆ ಮೀರಿತು. ಕಡ್ಡಿ ಅದಲುಬದಲು ಮಾಡಿದರು. ಮತ್ತೆ ಕೆಳಗಿನಿಂದ ಏರಿತು. ಫ್ಯಾನ್ ರಿಪೇರಿ ಮಾಡುವವರ ಮುಖದಲ್ಲಿ ಬರುವ ನಗು ಅವರ ಮುಖದಲ್ಲಿ ಬಂತು.

"ಇದರೊಳಗೆ ಯಾರೋ ಕಂಡೆನ್ಸರ್ ಹಾಕವ್ರೆ."

"ಯಾರೂ ಹಾಕಿಲ್ಲ ಮಾವ. ಎಲ್ಲಾ ನಾನೇ ಮಾಡಿದ ವೈರಿಂಗು."

ಹೇಳಿ ಮುಗಿಸುವಷ್ಟರಲ್ಲಿ ನೆನಪಾಯಿತು.

ಆಗ ನಮ್ಮ ಮನೆಯಲ್ಲಿ ಆಂಟೆನಾ ಟಿವಿ. ನಾನು ಮಹಡಿಯಲ್ಲಿ ರೈಲು ಬಿಟ್ಟರೆ ಕೆಳಗೆ ದೂರದರ್ಶನದ ಚಿತ್ರದ ಮೇಲೆಲ್ಲ ಗೆರೆ. ಮೋಟಾರಿನ ಬ್ರಷ್ ಕಿಡಿ ಹಾರಿಸುತ್ತಲ್ಲ, ಅದರ ಗಲಾಟೆ. ಅಮ್ಮನ ಧಾರಾವಾಹಿ ಹೊತ್ತಿಗೆ ಜಗಳ ಖಾಯಂ. ಟಿವಿ ರಿಪೇರಿಯವರು ಒಬ್ಬರು ಹೇಳಿಕೊಟ್ಟರು, ವೈರಿಗೆ ಅಡ್ಡಲಾಗಿ ಒಂದು ಕೆಪಾಸಿಟರ್, ಅಂದರೆ ಮಾವ ಹೇಳಿದ ಕಂಡೆನ್ಸರ್, ಹಾಕು ಅಂತ. ನಾನು ನಾಲ್ಕು ಕಡೆಗೂ ಹಾಕಿ ಕಪ್ಪು ಟೇಪು ಸುತ್ತಿದ್ದೆ. ನೋಡಿದರೆ ಬರೀ ವೈರಿನ ಗಂಟು.

ಹಲಗೆ ಎಬ್ಬಿಸಿ ಟೇಪ್ ಬಿಚ್ಚಿದೆವು. ಅಂಟು ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಹತ್ತಿತು. ಒಳಗೆ ಹುಣಸೆಬೀಜದಷ್ಟು ದೊಡ್ಡ ಕಂದು ಕೆಪಾಸಿಟರ್, ಮೇಲೆ 105 ಅಂತ ಬರೆದಿತ್ತು. ಅಂದರೆ 1 ಮೈಕ್ರೋಫ್ಯಾರಡ್. ನಾಲ್ಕು ಸೇರಿ ನಾಲ್ಕು. ಸೀಲಿಂಗ್ ಫ್ಯಾನಿನಲ್ಲೇ ಸಾಮಾನ್ಯವಾಗಿ ಇರುವುದು 2.5! ಹಳೇ ಡಿಸಿ ಕರೆಂಟ್ ಇದರೊಳಗೆ ಹರಿಯುವುದಿಲ್ಲ, ಅದಕ್ಕೇ ಅಷ್ಟು ವರ್ಷ ತೆಪ್ಪಗಿತ್ತು. ಡಿಸಿಸಿ ಹಾಗಲ್ಲ, ಕ್ಷಣಕ್ಷಣಕ್ಕೂ ತಿರುಗುವ ಕರೆಂಟಿಗೆ ಕೆಪಾಸಿಟರ್ ತೆರೆದ ಬಾಗಿಲು. ಒಂದೇ ಇದ್ದಾಗ ಸಿಗ್ನಲ್ಲಿನ ಚೂಪು ಅಂಚನ್ನು ಬೋಳು ಮಾಡಿ ಎಂಜಿನ್ನಿಗೆ ಮಾತು ಕೇಳದ ಹಾಗೆ ಮಾಡಿತ್ತು. ನಾಲ್ಕು ಸೇರಿದಾಗ ಹೆಚ್ಚುಕಮ್ಮಿ ಶಾರ್ಟೇ. ಜಾಸ್ತಿ ವೈರು ಸೇರಿಸಿದಷ್ಟೂ ಕೆಟ್ಟದ್ದು ಯಾಕೆ ಅಂತ ಆಗ ಗೊತ್ತಾಯಿತು.

ಕೆಳಗೆ ಹೋಗಿ ಅಮ್ಮನಿಗೆ ಹೇಳಿದೆ. "ತೆಗೆದ್ರೆ ಮತ್ತೆ ಗೆರೆ ಬರಲ್ವೇನೋ?" ಅಂದರು, ಟಿವಿಯಿಂದ ಕಣ್ಣು ತೆಗೆಯದೆ. ಈಗ ಡಿಶ್ ಅಮ್ಮ, ಬರಲ್ಲ ಅಂದೆ. ಆದರೂ ಎಂಜಿನ್ ಓಡಿಸುವಾಗ ಒಂದ್ಸಲ ಬಂದು ನೋಡಿ ಹೋಗು ಅಂದರು.

ಮಿಕ್ಕಿದ್ದು ಬೇಗ ಆಯಿತು. ಹಳೇ ಸಣ್ಣ ವೈರು ಕಿತ್ತು, ಮನೆ ವೈರಿಂಗಿಗೆ ಹಾಕುವ 1.5 ಸ್ಕ್ವೇರ್ ಎಂಎಂ ವೈರನ್ನು ಹಲಗೆಯಡಿ ಉದ್ದಕ್ಕೂ ಎಳೆದೆವು. ಮೂರಡಿಗೊಂದು ಕಡೆ ಮೇಲಕ್ಕೆ ಕೊಟ್ಟೆವು. ಆಮೇಲೆ ರೂಪಾಯಿ ನಾಣ್ಯದ ಪರೀಕ್ಷೆ: ಹಳಿಗೆ ಅಡ್ಡಲಾಗಿ ನಾಣ್ಯ ಇಟ್ಟರೆ ಎಲ್ಲಿ ಇಟ್ಟರೂ ತಕ್ಷಣ ಕಟ್ ಆಗಬೇಕು. ಕಟ್ ಆಗದಿದ್ದರೆ ಅಲ್ಲಿ ವೈರು ಸಾಲದು ಅಂತ ಅರ್ಥ. ನಾಣ್ಯ ಇಡುವ ಕೆಲಸ ಮಗಳದ್ದು. ಗೋಪುರದ ಹಿಂದೆ ಒಂದು ಕಡೆ ಕಟ್ ಆಗದೆ ನಾಣ್ಯ ಬಿಸಿಯಾಯಿತು. ಹಳಿ ಜೋಡಿಸುವ ಕ್ಲಿಪ್ ಕಪ್ಪಾಗಿತ್ತು, ಬೆಸುಗೆ ಹಾಕಿದೆ.

ಈಗ ಅವಳದ್ದೊಂದು, ನನ್ನದೊಂದು ಓಡುತ್ತಿವೆ. ಮೊನ್ನೆ ಎದುರುಬದುರು ಡಿಕ್ಕಿಯೂ ಆಯಿತು. ಮಾವನವರು ತನಿಖೆ ನಡೆಸಿ ನನ್ನ ಮೇಲೆ ತಪ್ಪು ಹೊರಿಸಿದರು.

ನಂಜನಗೂಡಿನ ಲೂಪ್ ಮಾತ್ರ ಬಾಕಿ. ರೈಲು ಸುತ್ತು ಹಾಕಿಕೊಂಡು ಬಂದ ಹಳಿಗೇ ವಾಪಸ್ ಬಂದರೆ ಎಡಹಳಿ ಬಲಹಳಿಗೆ ಸೇರಿ ಶಾರ್ಟ್. ಅದಕ್ಕೆ ಎರಡೂ ತುದಿಯಲ್ಲಿ ಹಳಿ ಕತ್ತರಿಸಿ, ತಾನೇ ಪ್ಲಸ್ ಮೈನಸ್ ತಿರುಗಿಸುವ ಸಣ್ಣ ಬೋರ್ಡ್ ಹಾಕಬೇಕು. ತರಿಸಿದ್ದೇನೆ, ಬಂದಿಲ್ಲ. ಅಲ್ಲಿವರೆಗೆ ಮಗಳು ಆ ಕಡೆ ರೈಲು ತಿರುಗಿಸದೆ ಇರಲಿ ಅಂತ ಪಾಯಿಂಟಿನ ಆಚೆ ಹಳಿಗೆ ಅಡ್ಡಲಾಗಿ ಬೆಂಕಿಪೊಟ್ಟಣ ಇಟ್ಟಿದ್ದೇನೆ. ನಿನ್ನೆ ನೋಡಿದರೆ ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಕಾಮಗಾರಿ ಪ್ರಗತಿಯಲ್ಲಿದೆ' ಅಂತ ಬರೆದಿತ್ತು. ಅಕ್ಷರ ಮಾವನವರದ್ದು.